ಹಕ್ಕಲಿನ ಕಾಡು ಬಿಡಿಸಿ ತೋಟ ಮಾಡಬಹುದಾ? ಅನುಭವ ಇದ್ದವರು ಹೇಳಿ

ಹೊಸನಗರ ಕಡೆಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷ ಬೆಂಗಳೂರಿನಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇನೆ. ಅಪ್ಪನ ಹೆಸರಿನಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ. ಅದರ ಮೇಲ್ಗಡೆ ನಾಲ್ಕೂವರೆ ಎಕರೆ ಹಕ್ಕಲು, ಅಂದರೆ ಬೇಸಾಯ ಮಾಡದೆ ಬಿಟ್ಟ ಒಣ ಜಾಗ. ಹಕ್ಕಲು ಅನ್ನೋದು ಹೆಸರಿಗೆ ಮಾತ್ರ. ಅದರಲ್ಲಿ ಮೂರು ಎಕರೆ ಪೂರ್ತಿ ಕಾಡು. ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು, ಎರಡು ಬೀಟೆ. ಯಾರೂ ನೆಟ್ಟಿದ್ದಲ್ಲ, ತಾನಾಗಿ ಬೆಳೆದದ್ದು. ಪಹಣಿ ಅಪ್ಪನ ಹೆಸರಿನಲ್ಲೇ ಇದೆ. ಖುಷ್ಕಿ (ಮಳೆ ನಂಬಿದ ಒಣ ಬೇಸಾಯದ ಜಮೀನು) ಅಂತ ಬರೆದಿದೆ. ಕಂದಾಯ ತಪ್ಪದೆ ಕಟ್ಟಿದ್ದೇವೆ.

ಎಲೆಚುಕ್ಕಿ ರೋಗ ಬಂದು ಹಳೇ ತೋಟ ಸೊರಗಿದೆ. ಆ ಕಾಡಿನಲ್ಲಿ ಒಂದೂವರೆ ಎಕರೆ ಬಿಡಿಸಿ ಎಂಟುನೂರು ಅಡಿಕೆ ಸಸಿ ಹಾಕೋಣ ಅಂತ ನನ್ನ ಲೆಕ್ಕ. ನಾಟಾ ವ್ಯಾಪಾರಿ ಒಬ್ಬರು ಬಂದು ನೋಡಿದರು. "ಎಲ್ಲಾ ನಾನು ನೋಡ್ಕೊಳ್ತೇನೆ, ನೀವು ಸಹಿ ಹಾಕಿ ಸಾಕು" ಅಂದರು. ಇಪ್ಪತ್ತು ಸಾವಿರ ಅಡ್ವಾನ್ಸ್ ಅಪ್ಪನ ಕೈಗಿಟ್ಟು ಹೋಗಿದ್ದಾರೆ.

ಗೊಂದಲ ಎಲ್ಲಿ ಅಂದರೆ, ಪಕ್ಕದ ಮನೆಯವರು 2023ರಲ್ಲಿ ಹೊಸ ಕಾನೂನು ಬಂದಿದೆ, ಖಾಸಗಿ ಜಮೀನಿಗೆ ಇನ್ನು ಅರಣ್ಯ ಕಾನೂನು ತಾಗೋದಿಲ್ಲ ಅನ್ನುತ್ತಾರೆ. ನಮ್ಮ ಭಾವ, ಅದು ಡೀಮ್ಡ್ ಅರಣ್ಯ, ಒಂದು ಸೊಪ್ಪೂ ಮುಟ್ಟಬೇಡ ಅನ್ನುತ್ತಾರೆ. ವ್ಯಾಪಾರಿ ಹೇಳೋದು ಇನ್ನೊಂದು. ಹೊಸ ಪಟ್ಟಿ ತಯಾರಾಗುತ್ತಿದೆ, ಅದು ಬರೋದ್ರೊಳಗೆ ಕಡಿದುಬಿಡಿ, ಆಮೇಲೆ ಕೈ ಕಟ್ಟಿಹೋಗುತ್ತೆ ಅಂತ. ಯಾರ ಮಾತು ನಂಬಲಿ?

ತೀರ್ಥಹಳ್ಳಿ ಕಡೆಯಿಂದ:

ಮೊದಲು ಆ ಇಪ್ಪತ್ತು ಸಾವಿರ ವಾಪಸ್ ಕೊಟ್ಟುಬಿಡಿ ಮಾರಾಯ್ರೆ. ಉಳಿದದ್ದು ಆಮೇಲೆ ಮಾತಾಡೋಣ.

ನನ್ನ ಕಥೆ ಹೇಳುತ್ತೇನೆ. 2009ರಲ್ಲಿ ಮಗಳ ಮದುವೆಗೆ ದುಡ್ಡು ಬೇಕಿತ್ತು. ಮನೆ ಹಿಂದಿನ ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ ಹದಿನೈದು ಮರ ಕೊಡೋದು ಅಂತ ಮಾತಾಯಿತು. ವ್ಯಾಪಾರಿ ನಾಲ್ಕು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು. ಪರ್ಮಿಟ್ ಬಂತು ಅಂತ ಫೋನ್ ಮಾಡಿದರು. ಎಷ್ಟು ಮರಕ್ಕೆ ಬಂತು ಅಂತ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಬಂದದ್ದು ಆರಕ್ಕೆ. ಕಡಿದದ್ದು ಇಪ್ಪತ್ತೊಂದು. ಇದು ನನಗೆ ಗೊತ್ತಾದದ್ದು ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತ ಮೇಲೆ.

ಕೇಸು ಯಾರ ಮೇಲೆ? ಪಹಣಿಯಲ್ಲಿ ಹೆಸರಿದ್ದವನ ಮೇಲೆ. ವ್ಯಾಪಾರಿ, "ಮಾಲೀಕರು ತೋರಿಸಿದ ಮರ ಕಡಿದೆ ಸಾರ್, ನನಗೇನು ಗೊತ್ತು" ಅಂದುಬಿಟ್ಟರು. ನಾಟಾ ಡಿಪೋದಲ್ಲಿ ಮಳೆಗೆ ನೆನೆದು ಹುಳ ಹಿಡಿಯಿತು. ನಾನು ಆರು ವರ್ಷ ಕೋರ್ಟಿಗೆ ಅಲೆದೆ. ಮದುವೆ ಕೊನೆಗೆ ಸೊಸೈಟಿ ಸಾಲದಲ್ಲೇ ಆಯಿತು.

ಇನ್ನೊಂದು ವಿಷಯ. ಕಡಿಯೋ ಅನುಮತಿ ಬೇರೆ, ಸಾಗಿಸೋ ಪಾಸ್ ಬೇರೆ. ಮೊದಲನೆಯದು ಕೈಯಲ್ಲಿದ್ದರೆ ಎರಡನೆಯದು ತಾನಾಗಿ ಬರೋದಿಲ್ಲ. ಎಷ್ಟೋ ಜನ ಕಡಿದು ಹಾಕಿ, ಪಾಸ್ ಸಿಗದೆ, ಮರ ಅಲ್ಲೇ ಗೆದ್ದಲು ತಿನ್ನೋದನ್ನ ನೋಡುತ್ತಾ ಕೂತಿದ್ದಾರೆ.

ರಿಪ್ಪನ್‌ಪೇಟೆ ಹತ್ತಿರದಿಂದ:

ಸುಮ್ನೆ ರೈತರನ್ನು ಹೆದರಿಸಬೇಡಿ. ನಮ್ಮ ಜಮೀನು, ನಮ್ಮ ಮರ. ನಮ್ಮ ಅಪ್ಪ ಇಡೀ ಗುಡ್ಡ ಬಿಡಿಸಿ ತೋಟ ಮಾಡಿದರು. ಒಬ್ಬರೂ ಬಂದು ಕೇಳಲಿಲ್ಲ.

ತೀರ್ಥಹಳ್ಳಿ ಕಡೆಯಿಂದ:

ಯಾವ ವರ್ಷ?

ರಿಪ್ಪನ್‌ಪೇಟೆ ಹತ್ತಿರದಿಂದ:

1974.

ತೀರ್ಥಹಳ್ಳಿ ಕಡೆಯಿಂದ:

ಅದಕ್ಕೇ ಕೇಳಿದೆ. ಮರ ಸಂರಕ್ಷಣೆ ಕಾಯ್ದೆ ಬಂದದ್ದು 1976ರಲ್ಲಿ.

ಶಿವಮೊಗ್ಗದಿಂದ, ವಕೀಲರು:

ನಿಮಗೆ ಹೇಳಿದ ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಸ್ವಲ್ಪ ಉದ್ದ ಆಗುತ್ತೆ, ಓದಿಕೊಳ್ಳಿ.

ಒಂದೇ ಮರದ ಮೇಲೆ ಎರಡು ಕಾನೂನು ಕೂತಿವೆ. ಒಂದು ರಾಜ್ಯದ್ದು. ಈಗ ಮೇಲೆ ಹೇಳಿದ 1976ರ ಕಾಯ್ದೆ. ಇದು ಒಂದೊಂದು ಮರದ ಲೆಕ್ಕ. ನಿಮ್ಮದೇ ಜಮೀನಿನಲ್ಲಿದ್ದರೂ ಮರ ಕಡಿಯೋಕೆ ಟ್ರೀ ಆಫೀಸರ್, ಅಂದರೆ ಈ ಕಾಯ್ದೆಯಡಿ ನೇಮಿಸಿದ ಅರಣ್ಯ ಅಧಿಕಾರಿಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ತೆಂಗು, ರಬ್ಬರ್, ಇಂಥ ಕೆಲವಕ್ಕೆ ವಿನಾಯಿತಿ ಇದೆ. ಮತ್ತಿ, ನಂದಿ, ಹೊನ್ನೆಗೆ ಇಲ್ಲ.

ಇನ್ನೊಂದು ಕೇಂದ್ರದ್ದು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ. ಇದು ಮರದ ಲೆಕ್ಕ ಅಲ್ಲ, ನೆಲದ ಲೆಕ್ಕ. ಆ ನೆಲ ಅರಣ್ಯ ಅಂತಾದರೆ ಅದನ್ನು ಬೇರೆ ಕೆಲಸಕ್ಕೆ ಬಳಸೋಕೆ ಕೇಂದ್ರದ ಒಪ್ಪಿಗೆ ಬೇಕು. "ತೋಟ ಮಾಡೋದೂ ಗಿಡ ಬೆಳೆಸೋದೇ ಅಲ್ವಾ" ಅಂತ ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಕೇಳುತ್ತಾರೆ. ಅಲ್ಲ. ಯಾವುದು ಅರಣ್ಯೇತರ ಕೆಲಸ ಅಂತ ಆ ಕಾಯ್ದೆಯಲ್ಲೇ ಬರೆದಿದ್ದಾರೆ. ಕಾಡು ಬಿಡಿಸಿ ಚಹಾ, ಕಾಫಿ, ಸಾಂಬಾರ ಬೆಳೆ, ರಬ್ಬರ್, ತಾಳೆ ಜಾತಿಯ ಮರ, ಎಣ್ಣೆಬೀಜದ ಗಿಡ, ತೋಟಗಾರಿಕೆ ಬೆಳೆ ಹಾಕೋದು, ಎಲ್ಲವೂ ಅದರಲ್ಲಿ ಬಂತು. ಅಡಿಕೆ ತಾಳೆ ಜಾತಿಯದೇ. ತಪ್ಪಿಸಿಕೊಳ್ಳೋಕೆ ಜಾಗ ಇಲ್ಲ.

ಹಾಗಾದರೆ ಯಾವ ನೆಲ ಅರಣ್ಯ? ಜಗಳ ಇರೋದೇ ಇಲ್ಲಿ. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಗೋದಾವರ್ಮನ್ ಪ್ರಕರಣದಲ್ಲಿ ಒಂದು ಆದೇಶ ಕೊಟ್ಟಿತು. ನಿಘಂಟಿನಲ್ಲಿ ಅರಣ್ಯ ಅಂದರೆ ಏನು ಅರ್ಥ ಇದೆಯೋ ಅದೇ ಅರಣ್ಯ, ಮಾಲೀಕರು ಯಾರೇ ಇರಲಿ, ಅಂತ. ಅವತ್ತಿನಿಂದ ಪಹಣಿ ನಿಮ್ಮ ಹೆಸರಿನಲ್ಲಿದೆ ಅನ್ನೋದೊಂದೇ ಸಾಕಾಗೋದಿಲ್ಲ. ಕಾಡಿನಂತಿರುವ ಜಾಗಗಳ ಪಟ್ಟಿ ಮಾಡಿ ಅಂತಲೂ ರಾಜ್ಯಗಳಿಗೆ ಹೇಳಿತು. ನಾವು ಡೀಮ್ಡ್ ಫಾರೆಸ್ಟ್ ಅನ್ನೋದು ಇದನ್ನೇ. ಕರ್ನಾಟಕದ ಪಟ್ಟಿಯಲ್ಲಿ ಮೊದಲು 9.94 ಲಕ್ಷ ಹೆಕ್ಟೇರ್ ಇತ್ತು. ಮಲೆನಾಡಿನಲ್ಲಿ ಎಷ್ಟು ಗಲಾಟೆ ಆಯಿತು ಅಂತ ನಿಮಗೆ ನೆನಪಿರಬಹುದು. ಮತ್ತೆ ಪರಿಶೀಲಿಸಿ 2022ರಲ್ಲಿ ಅದನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿದರು.

ಈಗ ನಿಮ್ಮ ಪಕ್ಕದ ಮನೆಯವರ ಮಾತಿಗೆ ಬರೋಣ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದದ್ದು ನಿಜ. ಡಿಸೆಂಬರ್ 1ರಿಂದ ಜಾರಿಗೂ ಬಂತು. ಅರಣ್ಯ ಅಂತ ಅಧಿಸೂಚನೆ ಆದ ನೆಲ, ಇಲ್ಲವೇ 1980ರ ಅಕ್ಟೋಬರ್ 25ರಿಂದ ಈಚೆಗೆ ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಬರೆದಿರುವ ನೆಲ, ಇವೆರಡಕ್ಕೇ ಕಾಯ್ದೆ ಅನ್ವಯ ಅಂತ ಮಿತಿ ಹಾಕಿದರು. 1996ರ ಡಿಸೆಂಬರ್ 12ಕ್ಕೆ ಮೊದಲೇ ಅಧಿಕೃತ ಆದೇಶದ ಮೇಲೆ ಬೇರೆ ಬಳಕೆಗೆ ಹೋದ ಜಾಗವನ್ನು ಹೊರಗಿಟ್ಟರು. ಆದೇಶದ ಮೇಲೆ ಅನ್ನೋದನ್ನ ಗಮನಿಸಿ. ನಾವು ನಾವೇ ಬಿಡಿಸಿಕೊಂಡದ್ದು ಇದರಲ್ಲಿ ಬರೋದಿಲ್ಲ.

ಪಕ್ಕದ ಮನೆಯವರು ಸುದ್ದಿ ಅಲ್ಲಿಗೆ ನಿಲ್ಲಿಸಿದ್ದಾರೆ. ಮುಂದಿನದು ಇದೆ. ತಿದ್ದುಪಡಿ ವಿರುದ್ಧ ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 2024ರ ಫೆಬ್ರವರಿ 19ರಂದು ಕೋರ್ಟ್ ಮಧ್ಯಂತರ ಆದೇಶ ಮಾಡಿತು. ಹೊಸ ನಿಯಮದ ಪ್ರಕಾರ ರಾಜ್ಯಗಳು ಅರಣ್ಯದ ಒಟ್ಟು ದಾಖಲೆ ಮಾಡಿ ಮುಗಿಸೋವರೆಗೆ 1996ರ ಅರ್ಥವೇ ನಡೆಯಬೇಕು ಅಂತ. 2025ರ ಮಾರ್ಚ್‌ನಲ್ಲಿ ಮತ್ತೆ ತಾಕೀತು ಮಾಡಿ, ಒಂದು ತಿಂಗಳಲ್ಲಿ ತಜ್ಞರ ಸಮಿತಿ ಮಾಡಿ, ಆರು ತಿಂಗಳಲ್ಲಿ ಕೆಲಸ ಮುಗಿಸಿ ಅಂದಿತು.

ವ್ಯಾಪಾರಿ ಹೇಳಿದ ಪಟ್ಟಿ ಇದೇ. ಆದರೆ ಅವರು ಅರ್ಥ ಮಾಡಿಕೊಂಡದ್ದು ತಲೆಕೆಳಗು. ಪಟ್ಟಿ ಬರೋ ಮೊದಲು ಬಿಗಿ ಕಡಿಮೆ ಅಂತ ಅವರ ಲೆಕ್ಕ. ನಿಜ ಹೇಳಬೇಕಂದರೆ ಈ ಮಧ್ಯದ ಕಾಲದಲ್ಲೇ ಬಿಗಿ ಜಾಸ್ತಿ. ಪಟ್ಟಿ ಬಂದ ಮೇಲಾದರೆ ಸರ್ವೆ ನಂಬರ್ ನೋಡಿ ಇದೆ, ಇಲ್ಲ ಅಂತ ಹೇಳಬಹುದು. ಈಗ ನೋಡೋದು ನೆಲ ಹೇಗೆ ಕಾಣುತ್ತೆ ಅಂತ. ನಿಮ್ಮ ಮೂರು ಎಕರೆ ನೀವೇ ವರ್ಣಿಸಿದ ಹಾಗೆ "ಪೂರ್ತಿ ಕಾಡು". ನಾಳೆ ಕಡಿದರೂ ಬುಡ ಅಲ್ಲೇ ಇರುತ್ತೆ. ಉಪಗ್ರಹದ ಚಿತ್ರ ವರ್ಷ ವರ್ಷದ್ದೂ ಸಿಗುತ್ತೆ. ಕಡಿದುಬಿಟ್ಟರೆ ಅದು ಕಾಡಲ್ಲ ಅನ್ನೋ ವಾದವನ್ನು ನಾನಂತೂ ಯಾವ ನ್ಯಾಯಾಧೀಶರ ಮುಂದೆಯೂ ಮಾಡಲಾರೆ.

ಮೂರು ಎಕರೆ ತುಂಡು ನಿಘಂಟಿನ ಅರ್ಥದಲ್ಲಿ ಅರಣ್ಯವೋ ಅಲ್ಲವೋ ಅನ್ನೋದು ನಾನು ಇಲ್ಲಿ ಕೂತು ತೀರ್ಮಾನ ಮಾಡೋದಲ್ಲ, ನೀವೂ ಅಲ್ಲ. ಸರ್ವೆ ನಂಬರ್ ಹಾಕಿ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಬಾಯಿ ಮಾತಿನಲ್ಲಿ "ಏನಾಗಲ್ಲ ಹೋಗಿ" ಅಂದವರು ಮುಂದಿನ ವರ್ಷ ವರ್ಗ ಆಗಿ ಹೋಗಿರುತ್ತಾರೆ.

ಸಾಗರದಿಂದ, ನಿವೃತ್ತ ಸರ್ವೇಯರ್:

ವಕೀಲರು ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸುತ್ತೇನೆ. ಮೂವತ್ತೊಂದು ವರ್ಷ ಸರಪಳಿ ಎಳೆದವನು ನಾನು. ಕಾನೂನು ಓದಿಲ್ಲ, ಕಾಗದ ಓದಿದ್ದೇನೆ.

ತಮ್ಮಾ, ಕಂಪ್ಯೂಟರ್ ಪಹಣಿ ಒಂದನ್ನೇ ನೋಡಿ ಖುಷ್ಕಿ ಅಂತ ಖುಷಿ ಪಡಬೇಡ. ಮೂರನೇ ಕಾಲಂ ನೋಡು. ಒಟ್ಟು ವಿಸ್ತೀರ್ಣದ ಕೆಳಗೆ ಖರಾಬು ಎಷ್ಟು ಅಂತ ಇರುತ್ತೆ. ಅ ಖರಾಬು ಅಂದರೆ ಬೇಸಾಯಕ್ಕೆ ಬರೋದಿಲ್ಲ ಅಂತ ಕಂದಾಯ ಬಿಟ್ಟ ಜಾಗ. ಬ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನ, ಹೀಗೆ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು. ಬ ಖರಾಬಿನ ಮೇಲೆ ನಿಂತ ಮರ ನಿನ್ನದಲ್ಲ. ನಮ್ಮ ಕಡೆ ಹಳ್ಳದ ಪಕ್ಕದ ದೊಡ್ಡ ಮರಗಳೆಲ್ಲ ಜಾಸ್ತಿ ಅಲ್ಲೇ ಇರುತ್ತವೆ.

ಆಮೇಲೆ ಹನ್ನೊಂದನೇ ಕಾಲಂ. ಅಲ್ಲಿ ಅರಣ್ಯದ ಏನಾದರೂ ನಮೂದು ಇದೆಯಾ ನೋಡು. ಖಾಲಿ ಇದ್ದರೂ ಸಮಾಧಾನ ಬೇಡ. ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮಿನಿಂದ ಕೈಬರಹದ ಹಳೇ ಪಹಣಿ ತೆಗೆಸು. ಕಾನು (ದಟ್ಟ ಹಸಿರು ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು), ಹುಲ್ಲುಬನ್ನಿ (ಹುಲ್ಲುಗಾವಲು) ಅಂತ ಎಷ್ಟೋ ಕಡೆ ಪೆನ್ಸಿಲಿನಲ್ಲಿ ಬರೆದಿರೋದು ಕಂಪ್ಯೂಟರಿಗೆ ಹತ್ತಿಸುವಾಗ ಬಿಟ್ಟುಹೋಗಿದೆ. ಸೊಪ್ಪಿನಬೆಟ್ಟ ಆದರೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಇರುತ್ತೆ. ಮಾಲೀಕತ್ವ ಇರೋದಿಲ್ಲ. ಇದನ್ನು ಒಪ್ಪಿಕೊಳ್ಳದೆ ಜಗಳಕ್ಕೆ ನಿಂತವರನ್ನು ಬೇಕಾದಷ್ಟು ನೋಡಿದ್ದೇನೆ.

ಜಮೀನು ನಿಮಗೆ ಹೇಗೆ ಬಂತು ಅನ್ನೋದೂ ಮುಖ್ಯ. ತಲೆತಲಾಂತರದ ಹಿಡುವಳಿಯಾ, ದರಖಾಸ್ತಿನಲ್ಲಿ ಮಂಜೂರಾದದ್ದಾ? ಮಂಜೂರಾದದ್ದಾದರೆ ಮೂಲ ಆದೇಶ ತೆಗೆಸು. ಅದರಲ್ಲಿ ಮರಮಾಲ್ಕಿ, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟುವ ಬಗ್ಗೆ ಷರತ್ತು ಇರುತ್ತೆ. ಮಾಲ್ಕಿ ಕಟ್ಟಿದ ರಸೀದಿ ಇಲ್ಲದಿದ್ದರೆ ಜಮೀನು ನಿನ್ನದು, ಮರ ಸರ್ಕಾರದ್ದು ಅಂತ ಆಗುತ್ತೆ. ಬೀಟೆ ಎರಡಿದೆ ಅಂದೆಯಲ್ಲ, ಬೀಟೆ, ಸಾಗುವಾನಿ, ಗಂಧ ಅಂದ ಕೂಡಲೇ ಈ ಪ್ರಶ್ನೆ ಮೊದಲು ಬರುತ್ತೆ.

ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಕಾಡಿನೊಳಗೆ ನಿಂತು ನೋಡು. ನೀನು ನಿಂತ ಜಾಗ ಯಾವ ಸರ್ವೆ ನಂಬರ್ ಅಂತ ಸುಮಾರಿಗೆ ತೋರಿಸುತ್ತೆ. ಅದನ್ನೇ ಗಡಿ ಅಂತ ನಂಬಿ ಬೇಲಿ ಹಾಕಬೇಡ, ಸುಮಾರಿಗೆ ಅಂದೆ. ಅಗಳ (ಜಮೀನಿನ ಸುತ್ತ ತೋಡಿದ ಕಂದಕ) ಹೊಡೆದದ್ದೇ ಗಡಿ ಅಂತ ಮೂರು ತಲೆಮಾರು ನಂಬಿಕೊಂಡು, ಅಳತೆ ಮಾಡಿದಾಗ ಅರ್ಧ ಕಾಡು ಆಚೆ ಹೋದದ್ದನ್ನು ನಾನೇ ಅಳೆದು ತೋರಿಸಿದ್ದೇನೆ. ಬೈಸಿಕೊಂಡಿದ್ದೇನೆ ಕೂಡ.

ಸಾಗರ ತಾಲ್ಲೂಕು, ಶರಾವತಿ ಹಿನ್ನೀರಿನ ಕಡೆಯಿಂದ:

ಕಾಗದದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನಮ್ಮ ಅಜ್ಜನ ಊರು ಮುಳುಗಿತು. ಲಾರಿಯಲ್ಲಿ ತಂದು ಕಾಡಿನ ನಡುವೆ ಇಳಿಸಿ, ಇದೇ ನಿಮ್ಮ ಜಾಗ ಅಂದರು. ಸರ್ಕಾರವೇ ಕೊಟ್ಟದ್ದು. ಅಜ್ಜ ಬಿಡಿಸಿದರು, ಬೆಳೆದರು, ಸತ್ತರು. ಆದರೆ ಅರಣ್ಯದ ಪುಸ್ತಕದಿಂದ ಆ ನೆಲವನ್ನು ತೆಗೆದುಹಾಕುವ ಕೆಲಸವನ್ನು ಯಾರೂ ಸರಿಯಾಗಿ ಮಾಡಿ ಮುಗಿಸಲೇ ಇಲ್ಲ. ಬಹಳ ವರ್ಷದ ಮೇಲೆ ರಾಜ್ಯ ಸರ್ಕಾರ ಆ ನೆಲವನ್ನು ಅರಣ್ಯದಿಂದ ಕೈಬಿಟ್ಟು ಡಿನೋಟಿಫಿಕೇಶನ್ ಮಾಡಿತು. 1980ರ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆದಿಲ್ಲ ಅಂತ ಅದು ಹೈಕೋರ್ಟಿನಲ್ಲಿ ನಿಲ್ಲಲಿಲ್ಲ.

ಕಂದಾಯದ ಪುಸ್ತಕ ಒಂದು ಹೇಳುತ್ತೆ, ಅರಣ್ಯದ ಪುಸ್ತಕ ಇನ್ನೊಂದು ಹೇಳುತ್ತೆ. ನಡುವೆ ನಾವು. ನೀವು ಎರಡೂ ಪುಸ್ತಕ ನೋಡಿ. ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆ ಆಗಿದೆಯಾ ಅಂತ ಕೇಳಿ. ಮೀಸಲು ಅರಣ್ಯ ಮಾಡುವ ಉದ್ದೇಶ ಇದೆ ಅಂತ ಸಾರುವ ಮೊದಲ ಹೆಜ್ಜೆ ಅದು. ಸೆಕ್ಷನ್ 17 ಆದಾಗ ಪೂರ್ತಿ ಮೀಸಲು ಅರಣ್ಯ. ಎಷ್ಟೋ ಊರಲ್ಲಿ 4 ಆಗಿ ದಶಕ ಕಳೆದರೂ 17 ಆಗಿಲ್ಲ. ಅದರೊಳಗೆ ಪಟ್ಟಾ ಜಮೀನು ಸಿಕ್ಕಿಕೊಂಡಿರುತ್ತೆ.

ಸೊರಬದಿಂದ:

ನಾನು ಬೇರೆ ಒಂದು ಪ್ರಶ್ನೆ ಕೇಳಲಾ? ನಾಲ್ಕೂವರೆಯಲ್ಲಿ ಮೂರು ಎಕರೆ ಕಾಡು ಅಂದ್ರಿ. ಉಳಿದ ಒಂದೂವರೆ ಏನಾಯಿತು? ನಿಮಗೆ ಬೇಕಾಗಿರೋದೂ ಒಂದೂವರೆಯೇ ಅಲ್ವಾ?

ಹೊಸನಗರ ಕಡೆಯಿಂದ, ಪ್ರಶ್ನೆ ಕೇಳಿದವರು:

ಅಕ್ಕಾ, ಅದು ಗುಡ್ಡದ ತಲೆ. ಅಪ್ಪ ಯಾವುದೋ ಕಾಲದಲ್ಲಿ ನೀಲಗಿರಿ ಹಾಕಿದ್ದರು. ಈಗ ನೀಲಗಿರಿಗಿಂತ ಲಂಟಾನವೇ ಜಾಸ್ತಿ. ಅರ್ಧ ಅಡಿ ಕೆಳಗೆ ಜಂಬಿಟ್ಟಿಗೆ ಕಲ್ಲು. ನೀರು ಹತ್ತೋದಿಲ್ಲ. ಕಾಡಿನ ಭಾಗ ತೋಟಕ್ಕೆ ಅಂಟಿಕೊಂಡಿದೆ, ಮಾರ್ಚ್ ತಿಂಗಳಲ್ಲೂ ತೇವ ಇರುತ್ತೆ. ಅದಕ್ಕೇ ಅಲ್ಲಿ ಕಣ್ಣು ಹೋಯಿತು.

ಸೊರಬದಿಂದ:

ಆ ತೇವ ಎಲ್ಲಿಂದ ಬಂತು ಅಂದುಕೊಂಡಿದ್ದೀರಿ?

ತಮಾಷೆಗೆ ಕೇಳಿದ್ದಲ್ಲ. ನಮ್ಮ ಪಕ್ಕದವರದ್ದು ಇದೇ ಥರದ ಜಾಗ. ಕೆಳಗೆ ತೋಟ, ಮೇಲೆ ಕಾಡು, ತೇವ ಚೆನ್ನಾಗಿದೆ ಅಂತ ಹಿಟಾಚಿ ತಂದು ಮೂರು ಹಂತ ಮಾಡಿ ಧರೆ ಕಡಿದರು. ಮೊದಲ ಎರಡು ವರ್ಷ ಸಸಿ ಜೋರಾಗಿ ಬಂತು. ನೋಡಿ ನಮಗೆ ಹೊಟ್ಟೆಕಿಚ್ಚೇ ಆಯಿತು. 2019ರ ಆಗಸ್ಟ್ ಮಳೆಗೆ ಮೇಲಿನ ಧರೆ ಕುಸಿದು ಕೆಳಗಿನ ಹಳೇ ತೋಟದ ಎರಡು ಸಾಲು ಮಣ್ಣಿನಲ್ಲಿ ಹೂತುಹೋಯಿತು. ಅಬ್ಬಿ ನೀರು (ಗುಡ್ಡದಿಂದ ಹರಿದು ಬರುವ ನೀರು) ಏಪ್ರಿಲ್‌ವರೆಗೆ ಬರುತ್ತಿದ್ದದ್ದು ಈಗ ಫೆಬ್ರವರಿಗೇ ನಿಲ್ಲುತ್ತೆ. ಅಲ್ಲಿಂದ ಬೋರ್‌ವೆಲ್ ಕಥೆ ಶುರು. ಅದನ್ನು ಹೇಳುತ್ತಾ ಕೂತರೆ ಇನ್ನೊಂದು ದಿನ ಬೇಕು.

ನಮ್ಮ ಕಡೆ ಇಂಥದ್ದಕ್ಕೆ ಕಾನು ಅನ್ನುತ್ತೇವೆ. ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನೋ ಬ್ರಿಟಿಷ್ ಸರ್ಕಾರದ ಇಬ್ಬರು ಅಧಿಕಾರಿಗಳು 1868ರಲ್ಲೇ ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದಾರೆ. ನಮ್ಮ ಮೂಲೆಯ ಊರಿನ ಕಾಡಿನ ಮೇಲೆ ಆಗಲೇ ಕಣ್ಣು ಬಿದ್ದಿತ್ತು. ಜನ ಕಾನು ಉಳಿಸಿಕೊಂಡದ್ದು ದೇವರ ಭಯಕ್ಕೆ ಅಷ್ಟೇ ಅಲ್ಲ, ಮೆಣಸಿಗೆ. ನಮ್ಮ ಎರಡು ಎಕರೆ ಕಾನಿನಲ್ಲಿ ಒಂದು ಮರವನ್ನೂ ಕಡಿಯದೆ ನಲವತ್ತು ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಬೇಸಿಗೆಯಲ್ಲಿ ಮುರುಗಲು (ಕೋಕಂ) ಸಿಗುತ್ತೆ. ಮಳೆಗಾಲದಲ್ಲಿ ಉಪ್ಪಾಗೆ, ಅದೂ ಹುಳಿ ಹಣ್ಣೇ. ಉಪ್ಪಾಗೆ ಒಣಗಿಸೋದು ಮಾತ್ರ ದೊಡ್ಡ ಕಷ್ಟ. ಜಡಿಮಳೆಯಲ್ಲಿ ಒಲೆ ಹೊಗೆ ಹಾಕಿಕೊಂಡು ಕಣ್ಣೀರು ಸುರಿಸಬೇಕು, ಸೌದೆ ರಾಶಿ ಬೇಕು. ಆದಾಯ ಅಡಿಕೆಯಷ್ಟು ಬರುತ್ತಾ ಅಂದರೆ ಬರೋದಿಲ್ಲ, ಸುಳ್ಳು ಹೇಳೋದಿಲ್ಲ. ಆದರೆ ಔಷಧಿ ಹೊಡೆಯೋ ಖರ್ಚೂ ಇಲ್ಲ, ಅಡಿಕೆ ಕೊನೆ ಕೊಯ್ಯುವ ಕೊನೆಗಾರನ್ನ ಕಾಯೋದೂ ಇಲ್ಲ.

ಎಲೆಚುಕ್ಕಿ ಬಂತು ಅಂತ ಹೊಸ ತೋಟ ಮಾಡೋದು ನನಗೆ ಅರ್ಥ ಆಗೋದಿಲ್ಲ. ಹಳೇ ತೋಟದಿಂದ ಐವತ್ತು ಗಜ ಮೇಲೆ ಹೊಸ ಸಸಿ ಹಾಕಿದರೆ ರೋಗ ಅಲ್ಲಿಗೆ ಹತ್ತೋದಿಲ್ವಾ?

ಕೊಪ್ಪದಿಂದ:

ಎಲ್ಲರೂ ಬೇಡ ಬೇಡ ಅಂತಲೇ ಹೇಳಿದ್ದೀರಿ. ಅನುಮತಿ ಸಿಕ್ಕವನೊಬ್ಬ ಇಲ್ಲಿದ್ದೇನೆ, ನಾನೂ ಹೇಳುತ್ತೇನೆ. ಹೋದ ವರ್ಷ ಒಂಬತ್ತು ಮರಕ್ಕೆ ಕೇಳಿದ್ದೆ, ಏಳಕ್ಕೆ ಕೊಟ್ಟರು.

ಕಾಡು ಬಿಡಿಸುತ್ತೇನೆ ಅಂತ ಕೇಳಬಾರದು, ಇಂಥಿಂಥ ಮರ ಬೇಕು ಅಂತ ಕೇಳಬೇಕು. 1976ರ ಕಾಯ್ದೆಯಲ್ಲೇ ಕೆಲವು ಸಂದರ್ಭ ಬರೆದಿದ್ದಾರೆ, ಅಂಥದ್ದಕ್ಕೆ ಅನುಮತಿ ಇಲ್ಲ ಅನ್ನುವ ಹಾಗಿಲ್ಲ. ಸತ್ತ ಮರ, ರೋಗ ಹಿಡಿದದ್ದು, ಗಾಳಿಗೆ ಬಿದ್ದದ್ದು. ಜೀವಕ್ಕೋ ಮನೆಗೋ ಅಪಾಯ ಆಗುವಂಥದ್ದು. ಬಲಿತು ನಿಂತ ಮರ, ಆದರೆ ಕಡಿದಾದ ಇಳಿಜಾರಿನಲ್ಲಿ ಇರಬಾರದು. ಹಳ್ಳಿಯವರಿಗೆ ಸೌದೆಗೋ, ನೇಗಿಲು ನೊಗಕ್ಕೋ, ಮನೆ ಬಳಕೆಗೋ ಬೇಕಾದದ್ದು. ನಿಮ್ಮ ಅರ್ಜಿ ಇದರಲ್ಲಿ ಯಾವುದಕ್ಕೆ ಬರುತ್ತೆ ಅಂತ ನೀವೇ ಬರೆದು ಕೊಡಿ.

ನಾನು ಪಹಣಿ, ಸ್ಕೆಚ್, ಮರದ ಜಾತಿ, ಸುತ್ತಳತೆ ಎಲ್ಲ ಬರೆದು ಕೊಟ್ಟೆ. ಗಾರ್ಡ್ ಬಂದರು, ಆಮೇಲೆ ಫಾರೆಸ್ಟರ್ ಬಂದರು. ಉಂಬಳ ಕಚ್ಚಿಸಿಕೊಂಡು ಒಂದೊಂದು ಮರಕ್ಕೂ ಟೇಪ್ ಹಿಡಿದು ನಂಬರ್ ಬರೆದರು. ಗಡಿಯ ಬಗ್ಗೆ ಅನುಮಾನ ಬಂದು ಜಂಟಿ ಸರ್ವೆ ಅಂತ ಎರಡು ತಿಂಗಳು ಹೋಯಿತು. ಎಲ್ಲ ಸೇರಿ ಏಳು ತಿಂಗಳು. ನಡುವೆ ಒಬ್ಬರು, "ನಾನು ಬೇಗ ಮಾಡಿಸಿಕೊಡ್ತೇನೆ" ಅಂತ ಬಂದರು. ನನಗೇನೂ ಅವಸರ ಇಲ್ಲ ಅಂದೆ. ಅವಸರ ಇಲ್ಲ ಅಂತ ಗೊತ್ತಾದ ಮೇಲೆ ಅವರಿಗೂ ಆಸಕ್ತಿ ಹೋಯಿತು.

ನಂಬರ್ ಬಿದ್ದ ಮರ ಮಾತ್ರ ಕಡಿಯೋದು. ಕಡಿಯುವ ದಿನ ನೀವೇ ನಿಲ್ಲಬೇಕು. ವ್ಯಾಪಾರಿಗೆ ಬಿಟ್ಟು ಮನೆಗೆ ಬಂದು ಮಲಗಿದರೆ ತೀರ್ಥಹಳ್ಳಿಯವರ ಕಥೆಯೇ. ಬದಲಿ ಗಿಡ ನೆಡಬೇಕು ಅನ್ನೋದೂ ಅದೇ ಕಾಯ್ದೆಯಲ್ಲಿದೆ. ನಾನು ಹಲಸು, ಹೆಬ್ಬಲಸು ನೆಟ್ಟೆ. ಅರ್ಧ ದನ ತಿಂದವು. ಮತ್ತೆ ನೆಟ್ಟೆ.

ರಿಪ್ಪನ್‌ಪೇಟೆ ಹತ್ತಿರದಿಂದ:

ಒಂದು ಮಾತು. ನಾನು ಮೇಲೆ ಹೇಳಿದ್ದು ಸಿಟ್ಟಿಗೆ. ಆದರೆ ಆ ಸಿಟ್ಟೂ ಸುಳ್ಳಲ್ಲ. ಕಾಡು ಬಿಡಿಸಿದವರ ತೋಟ ಇವತ್ತು ಎಕರೆಗೆ ಎಷ್ಟು ಬಾಳುತ್ತೆ? ಬಿಡಿಸದೆ ಇಟ್ಟುಕೊಂಡವರಿಗೆ ಸಿಕ್ಕಿದ್ದು ಡೀಮ್ಡ್ ಅನ್ನೋ ಹೆಸರು. ಇಟ್ಟುಕೊಂಡವರಿಗೆ ಏನಾದರೂ ಕೊಡಿ ಅಂತ ಯಾವ ಆದೇಶದಲ್ಲಾದರೂ ಇದೆಯಾ ವಕೀಲರೇ?

ಶಿವಮೊಗ್ಗದಿಂದ, ವಕೀಲರು:

ನಾನು ಮೇಲೆ ಹೇಳಿದ ಆದೇಶಗಳಲ್ಲಿ ಇಲ್ಲ. ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರವೂ ಇಲ್ಲ. ನ್ಯಾಯವಾದ ಪ್ರಶ್ನೆ.

ಹೊಸನಗರ ಕಡೆಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ಉಪಕಾರ ಆಯಿತು. ಮೂರು ವಾರದಲ್ಲಿ ಆದದ್ದು ಹೇಳುತ್ತೇನೆ.

ಹಳೇ ಪಹಣಿ ಸಿಕ್ಕಿತು. ನಾಲ್ಕು ಎಕರೆ ಇಪ್ಪತ್ತು ಗುಂಟೆಯಲ್ಲಿ ಒಂದು ಎಕರೆ ಆರು ಗುಂಟೆ ಖರಾಬು. ಅದರಲ್ಲಿ ಹದಿನಾಲ್ಕು ಗುಂಟೆ ಬ ಖರಾಬು, ಹಳ್ಳದ ಸಾಲು. ದೊಡ್ಡ ನಂದಿಗಳೆಲ್ಲ ಅಲ್ಲೇ ಇವೆ, ಸರ್ವೇಯರ್ ಹೇಳಿದ ಹಾಗೇ. ಒಂದು ವರ್ಷದ ಪಹಣಿಯ ಅಂಚಿನಲ್ಲಿ ಕಾನು ಅಂತ ಬರೆದಿದೆ, ಮುಂದಿನ ವರ್ಷದ್ದರಲ್ಲಿ ಇಲ್ಲ. ಯಾಕೆ ಅಂತ ಕೇಳಿದರೆ ಅಲ್ಲಿದ್ದವರು ನಕ್ಕರು. 2022ರ ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರ್ ಇಲ್ಲ ಅಂತ ಬಾಯಲ್ಲಿ ಹೇಳಿದ್ದಾರೆ. ಬರಹದಲ್ಲಿ ಕೊಡಿ ಅಂತ ಅರ್ಜಿ ಹಾಕಿದ್ದೇನೆ, ಸ್ವೀಕೃತಿ ಇದೆ.

ಕಾಡಿನ ಕಡೆ ಸದ್ಯ ಕೈ ಹಾಕೋದಿಲ್ಲ. ಒಣಗಿದ ಎರಡು ಹೊನ್ನೆ, ಕೊಟ್ಟಿಗೆ ಮೇಲೆ ವಾಲಿರುವ ಒಂದು ಮತ್ತಿ, ಇಷ್ಟಕ್ಕೆ ಮಾತ್ರ ಅನುಮತಿ ಕೇಳಿದ್ದೇನೆ. ಹಳೇ ತೋಟದಲ್ಲಿ ಸತ್ತ ಮರದ ಜಾಗಕ್ಕೆ ಎಡಸಸಿ ಹಾಕುತ್ತಿದ್ದೇವೆ. ಗುಡ್ಡದ ತಲೆಯ ನೀಲಗಿರಿ ತೆಗೆದು ಗೇರು ಹಾಕೋಣ ಅಂತ ಅಪ್ಪ. ನನಗೆ ಇನ್ನೂ ಮನಸ್ಸಿಲ್ಲ. ಸೊರಬದ ಅಕ್ಕ, ಕಾಡುಮರಕ್ಕೆ ಬಳ್ಳಿ ಹಬ್ಬಿಸೋದಾದರೆ ಯಾವ ಮರ ಒಳ್ಳೇದು, ಯಾವುದರ ತೊಗಟೆ ಉದುರುತ್ತೆ ಅಂತ ಬಿಡುವಾದಾಗ ಹೇಳಿ.

ವ್ಯಾಪಾರಿ ಮನೆಗೆ ಬಂದು ಅಡ್ವಾನ್ಸ್ ತೆಗೆದುಕೊಂಡು ಹೋದರು. ಬೇಜಾರು ಮಾಡಿಕೊಳ್ಳಲಿಲ್ಲ. ಕಾಫಿ ಕುಡಿದರು. ಹೋಗುವಾಗ ಅಗಳದ ಆಚೆಯವರ ಫೋನ್ ನಂಬರ್ ಇದೆಯಾ ಅಂತ ಅಪ್ಪನನ್ನು ಕೇಳಿದರು.